ದೊಡ್ಡಮ್ಮ ಸಭೆಯ ಒಳಗೆ ಹೋದ ದಿನ

ನಮ್ಮ ದೊಡ್ಡಮ್ಮನ ಹೆಸರು ಎಫೀ. ಅವಳು ಇನ್ನೂ ಬದುಕಿದ್ದಾಳೆ, ಆದ್ದರಿಂದ ಹೆಸರು ಹೇಳಬಹುದು. ಈ ಕಥೆಯಲ್ಲಿ ಇನ್ನಿಬ್ಬರು ಹೆಂಗಸರು ಬರುತ್ತಾರೆ. ಒಬ್ಬಳು ನನ್ನ ಅಮ್ಮ, ದೊಡ್ಡಮ್ಮನ ಒಡಹುಟ್ಟಿದ ತಂಗಿ. ಇನ್ನೊಬ್ಬಳು ದೊಡ್ಡಮ್ಮನ ಮಗಳು, ಅಂದರೆ ನನಗೆ ತಂಗಿ. ಅವರಿಬ್ಬರ ಹೆಸರನ್ನು ನಾನು ಹೇಳುವುದಿಲ್ಲ. ತೀರಿಹೋದವರ ಹೆಸರನ್ನು ನಮ್ಮಲ್ಲಿ ಯಾರೂ ಹೇಳುವುದಿಲ್ಲ.

ದೊಡ್ಡಮ್ಮ ಹುಟ್ಟಿದ್ದು ನಮ್ಮ ಜನರ ಹಾಡಿ ವಿಂಜಿರಿಯಲ್ಲೇ. ಆಗ ವಿಂಜಿರಿ ಒಬ್ಬ ಬಿಳಿಯ ದೊರೆಯ ದನದ ಬಯಲು. ಅವಳ ಅಪ್ಪ ಕುದುರೆ ಹತ್ತಿ ದನ ಕಾಯುತ್ತಿದ್ದ. ಅವಳ ಅವ್ವ ದೊರೆ ಮನೆಯ ಬಟ್ಟೆ ಒಗೆಯುತ್ತಿದ್ದಳು. ಕೂಲಿ ಅಂದರೆ ಹಿಟ್ಟು, ಸಕ್ಕರೆ, ಚಹಾಪುಡಿ. ಬೆಳಗ್ಗೆ ಗಂಟೆ ಹೊಡೆದಾಗ ಎಲ್ಲರೂ ಉಗ್ರಾಣದ ಮುಂದೆ ಸಾಲಾಗಿ ನಿಲ್ಲಬೇಕು. ದೊಡ್ಡಮ್ಮನಿಗೆ ಹನ್ನೊಂದು ವರ್ಷ ಆಗಿದ್ದಾಗ ಒಂದು ದಿನ ಆ ಗಂಟೆಯ ನಾಲಿಗೆ ಬಿಚ್ಚಿ ಒಣಗಿದ ಹೊಳೆಯ ಮರಳಲ್ಲಿ ಹೂತುಬಿಟ್ಟಳು. ಗಂಟೆ ಹೊಡೆಯಲಿಲ್ಲ, ದೊರೆ ಹಿಟ್ಟು ಕೊಡಲಿಲ್ಲ. ಎರಡು ದಿನ ಇಡೀ ಹಾಡಿ ಹಸಿದು ಕೂತಿತು. ಮೂರನೆಯ ದಿನ ಅವಳ ಅವ್ವನೇ ಅವಳನ್ನು ಮರಳಿಗೆ ಎಳೆದುಕೊಂಡು ಹೋಗಿ ಬಾರಿಸಿದಳಂತೆ. ಎಲ್ಲಿ ಹೂತಿದ್ದೇನೆ ಅಂತ ಅವಳು ತೋರಿಸಲಿಲ್ಲ. ದೊರೆ ಬೇರೆ ಗಂಟೆ ತರಿಸಿದ.

ಈ ಕಥೆಯನ್ನು ದೊಡ್ಡಮ್ಮ ನಗುತ್ತಾ ಹೇಳುತ್ತಿದ್ದಳು. ಹಸಿದವರಲ್ಲಿ ನನ್ನ ಅಮ್ಮನೂ ಇದ್ದಳು, ಆಗ ನಾಲ್ಕು ವರ್ಷದವಳು. ಅಮ್ಮ ನಗುತ್ತಿರಲಿಲ್ಲ.

ಮುಂದೆ ಬಯಲು ನಮ್ಮ ಕೈಗೆ ವಾಪಸ್ ಬಂತು. ಆದರೆ ಬೇರೆ ದೊರೆಗಳು ಬಂದರು. ಶಾಲೆಗೊಬ್ಬ ಸಾಹೇಬ, ಮನೆಗಳಿಗೊಬ್ಬ, ನೀರಿಗೊಬ್ಬ. ಒಬ್ಬೊಬ್ಬರೂ ವಿಮಾನದಲ್ಲಿ ಬಂದು, ಒಂದು ಕಾಗದ ಓದಿ, ಸಂಜೆಯೊಳಗೆ ಹೋಗುತ್ತಿದ್ದರು. ದೊಡ್ಡಮ್ಮ ಅವರ ಮುಂದೆ ನಿಂತು, "ಏನಪ್ಪಾ, ನಮ್ ಅಭಿಪ್ರಾಯ ಕೇಳೋಕೆ ಬಂದ್ಯಾ, ಹೇಳೋಕೆ ಬಂದ್ಯಾ? ಹೇಳೋದಾದ್ರೆ ಅಂಚೆಗ್ ಹಾಕ್ಬೋದಿತ್ತು, ಪೆಟ್ರೋಲಾದ್ರೂ ಉಳೀತಿತ್ತು" ಅನ್ನುತ್ತಿದ್ದಳು.

ಹನ್ನೊಂದು ವರ್ಷ ಅವಳು ಸುತ್ತಿದಳು. ಏಳು ಹಾಡಿಗೂ ಹೋಗಿ, ಬೆಂಕಿಯ ಮುಂದೆ ಕೂತು, ಒಂದೇ ಮಾತು. ನಮಗೆ ಏನು ಬೇಕು ಅಂತ ನಾವೇ ಸೇರಿ ಹೇಳಬೇಕು, ಒಂದೇ ಬಾಯಲ್ಲಿ ಹೇಳಬೇಕು. ಜೀಪು ಓಡಿಸಿದ್ದು ನಾನು. ನನಗೆ ಮಾತು ಬರುವುದಿಲ್ಲ, ಓದೂ ಅಷ್ಟಕ್ಕಷ್ಟೆ. ದಾರಿ ಗೊತ್ತು. ಕೊನೆಗೆ ಏಳು ಹಾಡಿಯ ಸಭೆ ಅಂತ ಆಯಿತು. ಹಾಡಿಗೆ ಒಬ್ಬರಂತೆ ಏಳು ಜನ, ವಿಂಜಿರಿಯಿಂದ ದೊಡ್ಡಮ್ಮ. ಸರ್ಕಾರವೂ ಒಪ್ಪಿತು. ಸಭೆಯ ಮೊದಲನೆಯ ನಿಯಮವನ್ನು ದೊಡ್ಡಮ್ಮನೇ ಬರೆಸಿದಳು. ಸಭೆ ಒಮ್ಮೆ ಹೇಳಿದ್ದನ್ನು, ಏಳೂ ಜನ ಒಪ್ಪದೆ, ಒಂದು ವರ್ಷ ಯಾರೂ ಬದಲಾಯಿಸುವಂತಿಲ್ಲ. ಸಾಹೇಬರು ಇವತ್ತು ಹೂಂ ಅಂದು ನಾಳೆ ಉಲ್ಟಾ ಹೊಡೆಯಬಾರದು ಅಂತ ಆ ನಿಯಮ.

ಎಲ್ಲ ಸರಿಯಿತ್ತು. ಆಮೇಲೆ ಟಾಲ್ಬಟ್ ಬೋರ್ ಹಾಡಿಯವರು ತಮ್ಮ ಕಡೆಯಿಂದ ಕ್ಲಿಫರ್ಡನನ್ನು ಆರಿಸಿದರು. ಕ್ಲಿಫರ್ಡ್ ದೊಡ್ಡಮ್ಮನ ಅಳಿಯ.

ನಮ್ಮಲ್ಲಿ ಅತ್ತೆ ಅಳಿಯನ ಮುಖ ನೋಡುವುದಿಲ್ಲ. ಅಳಿಯ ಅತ್ತೆಯ ಮುಖ ನೋಡುವುದಿಲ್ಲ. ಒಬ್ಬರ ಹತ್ತಿರ ಒಬ್ಬರು ಮಾತಾಡುವುದಿಲ್ಲ, ಒಂದು ಗಾಡಿ ಹತ್ತುವುದಿಲ್ಲ, ಒಂದು ಸೂರಿನ ಕೆಳಗೆ ಕೂರುವುದಿಲ್ಲ. ದ್ವೇಷಕ್ಕಲ್ಲ, ಮರ್ಯಾದೆಗೆ. ಕ್ಲಿಫರ್ಡ್ ಒಳ್ಳೆಯ ಅಳಿಯ. ಕಾಂಗರೂ ಹೊಡೆದಾಗಲೆಲ್ಲ ಬಾಲವನ್ನು ಅತ್ತೆಗೆ ಅಂತ ಎತ್ತಿಟ್ಟು ನನ್ನ ಕೈಲಿ ಕಳಿಸುತ್ತಿದ್ದ. ಅವರ ಹಾಡಿಯಿಂದ ನಮ್ಮದಕ್ಕೆ ನೂರ ಅರವತ್ತು ಕಿಲೋಮೀಟರು. "ಭಾವ, ತಣ್ಣಗಾಗೋ ಮೊದ್ಲು ಮುಟ್ಸು" ಅನ್ನುತ್ತಿದ್ದ.

ಅವನು ಸಭೆಗೆ ಬಂದ ದಿನ ದೊಡ್ಡಮ್ಮ ತನ್ನ ಕುರ್ಚಿಯನ್ನು ತಾನೇ ಎತ್ತಿಕೊಂಡು ಹೊರಗೆ ಹೋದಳು. ಸಭೆ ನಡೆಯುವುದು ಹ್ಯಾರಿಸ್ ಕ್ರೀಕಿನ ತಗಡಿನ ಹಾಲಿನಲ್ಲಿ. ಕಿಟಕಿಯ ಹೊರಗೆ ಒಂದು ನೀಲಗಿರಿ ಮರ. ಅದರ ನೆರಳಲ್ಲಿ, ಗೋಡೆಗೆ ಬೆನ್ನು ಹಾಕಿ ಕೂತಳು. "ಒಳಗಡೆ ಫ್ಯಾನ್ ಕೆಟ್ಟಿದೆ. ಇಲ್ಲೇ ವಾಸಿ" ಅಂದಳು. ಒಳಗಿನ ಮಾತನ್ನು ನಾನು ಹೊರಗೆ ಹೇಳಬೇಕು, ಹೊರಗಿನದನ್ನು ಒಳಗೆ ಹೇಳಬೇಕು. ಮೂರು ವರ್ಷ ಹಾಗೆ ನಡೆಯಿತು. ಅವಳ ಮತವನ್ನೂ ನಾನೇ ಬಾಗಿಲಲ್ಲಿ ನಿಂತು ಹೇಳುತ್ತಿದ್ದೆ. ಯಾರೂ ಅನುಮಾನಪಡಲಿಲ್ಲ.

ಆ ಹೊತ್ತಿಗೆ ನನ್ನ ಅಮ್ಮನ ಕಿಡ್ನಿ ಹೋಗಿತ್ತು. ವಾರಕ್ಕೆ ಮೂರು ದಿನ, ಐದೈದು ಗಂಟೆ, ಮಷೀನು ರಕ್ತ ತೊಳೆಯಬೇಕು. ಮಷೀನು ಇರುವುದು ದೂರದ ಪಟ್ಟಣ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ, ನಾನೂರ ಮೂವತ್ತು ಕಿಲೋಮೀಟರು. ಅಲ್ಲಿ ರೋಗಿಗಳ ಹಾಸ್ಟೆಲಿನಲ್ಲಿ ಮೂರು ವರ್ಷದಿಂದ ಇದ್ದಳು. ಹೋದವರು ಯಾರೂ ವಾಪಸ್ ಬಂದಿರಲಿಲ್ಲ, ಪೆಟ್ಟಿಗೆಯಲ್ಲಿ ಬಿಟ್ಟರೆ. ಅಮ್ಮ ಫೋನಿನಲ್ಲಿ ದೊಡ್ಡಮ್ಮನಿಗೆ ಒಂದೇ ಮಾತು ಹೇಳುತ್ತಿದ್ದಳು.

"ಅಕ್ಕಾ, ಇಲ್ಲಿ ಸಾಯೋಕ್ ಬಿಡ್ಬೇಡ. ಇಲ್ಲಿ ನೆಲ ಎಲ್ಲಾ ಸಿಮೆಂಟು."

"ಕರ್ಕೊಂಡ್ ಬರ್ತೀನಿ. ಬಾಯ್ಮುಚ್ಕೊಂಡ್ ಬದ್ಕಿರು" ಅನ್ನುತ್ತಿದ್ದಳು ದೊಡ್ಡಮ್ಮ.

ಅವಳು ಸಭೆಯಲ್ಲಿ ಹಟ ಹಿಡಿದು ಮಷೀನು ಕೇಳಿದಳು. ಆರೋಗ್ಯ ಇಲಾಖೆಯ ಡಂಕನ್ ಸಾಹೇಬ ಉತ್ತರ ತಂದ. ಏಳು ಹಾಡಿಗೆ ಸೇರಿ ಎರಡು ಮಷೀನು, ಒಂದು ಕಟ್ಟಡ, ಎಂಟು ರೋಗಿಗಳಿಗೆ ಜಾಗ. ಅದು ವಿಂಜಿರಿಯಲ್ಲಾಗಬೇಕೋ ಟಾಲ್ಬಟ್‌ನಲ್ಲಾಗಬೇಕೋ ನೀವೇ ಹೇಳಿ ಅಂದ. ರೋಗಿಗಳು ಇಪ್ಪತ್ತಮೂರು ಜನ ಇದ್ದರು.

"ಉಳಿದ ಹದಿನೈದ್ ಜನ ಯಾರು ಅಂತಾನೂ ನಾವೇ ಹೇಳ್ಬೇಕಾ?" ಅಂತ ದೊಡ್ಡಮ್ಮ ಮರದ ಕೆಳಗಿಂದ ಕೇಳಿಸಿದಳು.

"ನಿರ್ಧಾರ ಸಂಪೂರ್ಣ ನಿಮ್ಮದು" ಅಂದ ಡಂಕನ್. ಸಂತೋಷದಿಂದಲೇ ಅಂದ.

ಇನ್ನೊಂದು ಮಾತೂ ಅವನು ಹೇಳಿದ. ಇದು ದೊಡ್ಡ ಕಟ್ಟಡ, ಮೇಲಿನವರು ಕಾಗದ ನೋಡುತ್ತಾರೆ, ಆದ್ದರಿಂದ ಮತ ಹಾಕುವವರು ಕೋಣೆಯ ಒಳಗೇ ಇದ್ದು ಕೈ ಎತ್ತಬೇಕು.

"ಕಿಟಕಿಯಿಂದ ಕೈ ತೂರ್ಸಿದ್ರೆ?" ದೊಡ್ಡಮ್ಮ ಕೇಳಿದಳು. ನಾನು ಒಳಗೆ ಹೇಳಿದೆ.

"ಕೈ ಯಾರ್ದು ಅಂತ ಹೇಗೆ ಬರೆಯೋದು?"

"ನನ್ ಕೈ ಏಟು ತಿನ್ನದ ಕೆನ್ನೆ ಈ ಸೀಮೇಲಿಲ್ಲ. ಯಾರ್ನ್ ಬೇಕಾದ್ರೂ ಕೇಳು."

ಒಳಗಿದ್ದವರೆಲ್ಲ ನಕ್ಕರು. ಡಂಕನ್ ಕೂಡ ನಕ್ಕ. ನಿಯಮ ಬದಲಾಗಲಿಲ್ಲ.

ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಮೂರು ಹಾಡಿ ವಿಂಜಿರಿಯ ಕಡೆ, ದೊಡ್ಡಮ್ಮನೂ ಸೇರಿ. ಮೂರು ಹಾಡಿ ಟಾಲ್ಬಟ್ ಕಡೆ, ಕ್ಲಿಫರ್ಡನೂ ಸೇರಿ. ಏಳನೆಯವನು ಹ್ಯಾರಿಸ್ ಕ್ರೀಕಿನ ರೆಗ್ಗಿ ಮುದುಕ, ಸಭೆಯ ಹಿರಿಯ. ಅವನು ಮೊದಲೇ ಹೇಳಿಬಿಟ್ಟಿದ್ದ. "ಎರಡೂ ಕಡೆಯೋರು ನನ್ನ ನೆಂಟ್ರು. ನಾನು ಕೈ ಮಡ್ಲಲ್ಲಿಟ್ಕೊಂಡ್ ಕೂರೋನು." ದೊಡ್ಡಮ್ಮ ಹೊರಗಿದ್ದರೆ ನಮ್ಮ ಕಡೆ ಎರಡು, ಅವರ ಕಡೆ ಮೂರು.

ಮತದ ದಿನ ಜೂನ್ ತಿಂಗಳು, ನಮ್ಮ ಕಡೆ ಚಳಿಗಾಲ. ಬೆಳಗ್ಗೆ ಬೂದಿಯಲ್ಲಿ ಸುಟ್ಟ ರೊಟ್ಟಿ ತಿಂದು ಜೀಪು ಹತ್ತಿದೆವು. ದೊಡ್ಡಮ್ಮ ಯಾವಾಗಲೂ ನನ್ನ ಪಕ್ಕದ ಸೀಟಿನಲ್ಲೇ ಕೂರುವವಳು. ಅರ್ಧ ದಾರಿಯಲ್ಲಿ ಕೇಳಿದಳು.

"ಮಗಾ, ನಾನ್ ಒಳಗ್ ಹೋದ್ರೆ ಅವ್ನೇನ್ ಮಾಡ್ತಾನೆ?"

"ಎದ್ದ್ ಹೋಗ್ತಾನೆ."

"ಅವ್ನ್ ಕೈಯೂ ಹೋಯ್ತಲ್ಲ ಹಂಗಾದ್ರೆ."

ಹಾಗೆ ಯಾರೂ ಮಾಡಿದ್ದಿಲ್ಲ. ಅಳಿಯ ಕೂತಲ್ಲಿಗೆ ಬೇಕೆಂದು ನುಗ್ಗುವ ಅತ್ತೆಯನ್ನು ನಮ್ಮಲ್ಲಿ ಯಾರೂ ಕಂಡಿಲ್ಲ.

"ದೊಡ್ಡಮ್ಮ, ಮುಖ ಎತ್ಕೊಂಡ್ ತಿರ್ಗೋಕಾಗಲ್ಲ ಆಮೇಲೆ."

"ನನ್ ಮುಖ ಯಾರ್ಗ್ ಬೇಕೋ? ಎಪ್ಪತ್ ವರ್ಷದ್ದು" ಅಂದಳು. "ನಿನ್ನಮ್ಮ ಮನೆಗ್ ಬರ್ಬೇಕು."

ಹಾಲಿನ ಹತ್ತಿರ ಅವಳು ಎಂದಿನಂತೆ ಮರದ ಕೆಳಗೆ ಕೂತಳು. ನಾನು ನೀರು ತುಂಬಲು ಟ್ಯಾಂಕಿನ ಹಿಂದೆ ಹೋದೆ. ಅಲ್ಲಿ ಕ್ಲಿಫರ್ಡ್ ನಿಂತಿದ್ದ. ದೊಡ್ಡಮ್ಮನಿಗೆ ಕಾಣದ ಹಾಗೆ ನಿಂತಿದ್ದ. ಅಂಗಿಯ ಜೇಬಿನಲ್ಲಿ ಮಡಿಸಿದ ಒಂದು ಕಾಗದ.

"ಭಾವ, ಅತ್ತೆಗೊಂದ್ ಮಾತು ಮುಟ್ಟಿಸ್ಬೇಕು. ಈಗ್ಲೇ."

ಮತ ಕೇಳಲು ಬಂದಿದ್ದಾನೆ ಅಂದುಕೊಂಡೆ. "ಮೊದ್ಲು ಕೈ ಎತ್ತೋದ್ ಮುಗೀಲಿ. ಆಮೇಲ್ ಹೇಳ್ತೀನಿ" ಅಂದೆ.

"ಆಮೇಲ್ ಹೇಳಿ ಏನುಪಯೋಗ? ನಿನ್ ತಂಗೀನೇ ಹೇಳ್ ಕಳ್ಸಿರೋದು."

"ಹೆಂಡ್ತೀನ್ ಮುಂದಿಟ್ಕೊಂಡ್ ಓಟ್ ಕೇಳ್ತೀಯಾ? ನಾಚ್ಕೆ ಆಗಲ್ವೇನಯ್ಯಾ ನಿಂಗೆ? ನನ್ನಮ್ಮ ಅಲ್ ಬಿದ್ದವ್ಳೆ. ಇವತ್ತು ನಿನ್ ಮಾತು ನಾನ್ ಹೊರಲ್ಲ."

ಅವನ ಮುಖ ಕಪ್ಪಿಟ್ಟಿತು. ನಾಚಿಕೆ ಅನ್ನುವ ಮಾತು ನಮ್ಮಲ್ಲಿ ಸಣ್ಣದಲ್ಲ. ಜೇಬಿನ ಮೇಲೆ ಕೈ ಇಟ್ಟುಕೊಂಡ. "ಆಯ್ತು. ಒಳಗೇ ಹೇಳ್ತೀನಿ" ಅಂದು ಹೋದ.

ಟಾಲ್ಬಟ್‌ನಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಅಂಗಡಿಯ ಫೋನು ಒಂದು ವಾರದಿಂದ ಕೆಟ್ಟಿತ್ತು. ಆ ದಿನ ತಂಗಿಯ ಮಾತು ಅವಳ ತಾಯಿಗೆ ಮುಟ್ಟಬೇಕಾದರೆ ಇದ್ದದ್ದು ನನ್ನ ಬಾಯಿ ಒಂದೇ.

ಸಭೆ ಶುರುವಾಯಿತು. ನಾನು ಬಾಗಿಲಲ್ಲಿ ನಿಂತೆ. ಇಬ್ಬರು ಮಾತಾಡಿದರು. ಆಮೇಲೆ ರೆಗ್ಗಿ, "ಈಗ ಟಾಲ್ಬಟ್‌ನೋರು ಹೇಳ್ಲಿ" ಅಂದ. ಕ್ಲಿಫರ್ಡ್ ಎದ್ದು ನಿಂತು ಜೇಬಿನಿಂದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದ.

ನನ್ನನ್ನು ಯಾರೋ ಪಕ್ಕಕ್ಕೆ ತಳ್ಳಿದರು. ದೊಡ್ಡಮ್ಮ. ತಲೆಗೆ ಕಂಬಳಿ ಮುಸುಕು ಹಾಕಿಕೊಂಡು, ನೆಲ ನೋಡುತ್ತಾ, ಗೋಡೆಗೆ ಉಜ್ಜಿಕೊಂಡು ಒಳಗೆ ಬಂದಳು.

ಕ್ಲಿಫರ್ಡ್ ಕಣ್ಣಿಗೆ ತೋಳು ಅಡ್ಡ ಹಿಡಿದು ತಿರುಗಿದ. ಕುರ್ಚಿ ಬಿತ್ತು. ಬಾಗಿಲಲ್ಲಿ ಅವಳಿದ್ದಳು. ಅವನು ಅಡುಗೆಕೋಣೆಯ ಕಡೆಯಿಂದ ಹೊರಗೆ ಓಡಿದ. ಅಲ್ಲಿ ಪಾತ್ರೆಗಳು ಉರುಳಿದ ಸದ್ದು ಕೇಳಿಸಿತು. ಅವನ ಕಾಗದ ಮೇಜಿನ ಮೇಲೇ ಉಳಿಯಿತು.

"ಎಫೀ, ಇದು ತಪ್ಪು" ಅಂದ ರೆಗ್ಗಿ.

"ತಪ್ಪೇ. ಕೈ ಎತ್ಸು."

"ಅವನ್ ಮಾತಾದ್ರೂ ಮುಗೀಲಿ."

"ಒಳಗಿರೋರ್ದು ಮಾತ್ರ ಲೆಕ್ಕ ಅಂತ ಅಲ್ ಕೂತಿರೋ ಬಿಳೀ ಸಾಹೇಬ ಹೇಳವ್ನೆ. ನಾನ್ ಒಳಗಿದೀನಿ. ಎತ್ಸು."

ವಿಂಜಿರಿಗೆ ಮೂರು ಕೈ. ಟಾಲ್ಬಟ್‌ಗೆ ಎರಡು. ರೆಗ್ಗಿಯ ಕೈ ಮಡಿಲಲ್ಲಿತ್ತು.

ಆ ಮೂರು ಕೈಯ ಬಲದ ಮೇಲೆ ಅವಳು ನಿಂತುಕೊಂಡೇ ಡಂಕನ್‌ಗೆ ಬರೆಸಿದಳು. ಎಂಟು ಜಾಗದಲ್ಲಿ ವಿಂಜಿರಿಯವರಿಗೆ ಮೊದಲು. ಅವರಲ್ಲೂ ಹಿರಿಯರಿಗೆ ಮೊದಲು. ಯಾರಾದರೂ ತೀರಿಹೋದರೆ, ಇಲ್ಲವೇ ಬಿಟ್ಟರೆ, ಆ ಜಾಗ ಸಾಲಿನಲ್ಲಿ ಮುಂದಿನವರಿಗೆ. ಬೇರೆ ಹಾಡಿಯವರು ಎಲ್ಲರ ಹಿಂದೆ. ವಿಂಜಿರಿಯವರೇ ಹನ್ನೊಂದು ಜನ ಇದ್ದರು. ನನ್ನ ಅಮ್ಮ ಮೂರನೆಯವಳು.

ಡಂಕನ್ ಕಾಗದ ಕೂಡಿಸುವಾಗ ಕ್ಲಿಫರ್ಡ್ ಬಿಟ್ಟುಹೋದದ್ದೂ ಸಿಕ್ಕಿತು. ನೋಡಿ, ದೊಡ್ಡಮ್ಮನ ಕೈಗೆ ಕೊಟ್ಟ. "ಇದು ನಿಮ್ಮ ಮಗಳದ್ದು" ಅಂದ. ಅವಳು ನನಗೆ ಕೊಟ್ಟಳು. ನಾನು ಬೆರಳಿಟ್ಟು ಓದಿದೆ. ಕ್ಲಿನಿಕ್ಕಿನ ಕಾಗದ. ತಂಗಿಯ ಹೆಸರು. ವಯಸ್ಸು ಮೂವತ್ತನಾಲ್ಕು. ಎರಡೂ ಕಿಡ್ನಿ. ಆರು ವಾರದೊಳಗೆ ಮಷೀನು ಶುರುವಾಗಬೇಕು. ತಾರೀಕು ಮೊನ್ನೆಯದು.

ಎರಡು ಸಲ ಓದಿಸಿದಳು. ಕಂಬಳಿ ತಲೆಯಿಂದ ಜಾರಿತು.

"ಡಂಕನ್, ಇನ್ನೊಂದ್ಸಲ ಕೈ ಎತ್ಸು."

"ಅಮ್ಮಾ, ಅದು ಆಗಲ್ಲ. ಬದಲಾಯಿಸಬೇಕಂದ್ರೆ ಏಳೂ ಜನ ಒಪ್ಪಬೇಕು. ಏಳೂ ಜನ ಒಳಗಿರಬೇಕು."

ಏಳೂ ಜನ ಒಳಗಿರಬೇಕಾದರೆ ಅವಳೂ ಅವನೂ ಒಂದೇ ಕೋಣೆಯಲ್ಲಿ ಇರಬೇಕು.

"ನೀನ್ ಅಳ್ಸಾಕು ಅದನ್ನ. ಪೆನ್ನು ನಿನ್ ಕೈಲೇ ಇದೆಯಲ್ಲ."

"ನಿಮ್ಮ ನಿರ್ಧಾರಕ್ಕೆ ನಾವು ಕೈ ಹಾಕಲ್ಲಮ್ಮ. ಇಷ್ಟು ವರ್ಷ ನೀವು ಕೇಳಿದ್ದು ಅದೇ ಅಲ್ವಾ?"

ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ.

ವಾಪಸ್ ಬರುವಾಗ, ಎಂಬತ್ತು ಕಿಲೋಮೀಟರು ಕಳೆದು, ವಿಂಜಿರಿಯ ದಿಬ್ಬ ಕಂಡಾಗ ಕೇಳಿದಳು.

"ನಿನ್ ಕೈಲೇನಾರಾ ಹೇಳ್ ಕಳಿಸಿದ್ನಾ ಅವ್ನು?"

"ಇಲ್ಲ" ಅಂದೆ.

"ಮುಚ್ಚಿಟ್ಟ" ಅಂದಳು. "ನನ್ ಮಗಳ್ನ ಮುಚ್ಚಿಟ್ಟ, ಸಭೇಲ್ ತೋರ್ಸಿ ನನ್ ಬಾಯ್ ಮುಚ್ಸೋಕೆ."

ಮುಂದಿನ ವಾರವೂ ಕ್ಲಿಫರ್ಡ್ ಕಾಂಗರೂ ಬಾಲ ಕಳಿಸಿದ. ಅವಳು ಅದನ್ನು ನಾಯಿಗಳಿಗೆ ಎಸೆದಳು. ಅದರ ಮುಂದಿನ ವಾರವೂ ಬಂತು.

ಸೆಪ್ಟೆಂಬರಿನಲ್ಲಿ ಅವಳು ತನ್ನ ಜಾಗಕ್ಕೆ ಪೆಗ್ಗಿಯನ್ನು ಆರಿಸಿ ಕಳಿಸಿದಳು. ಪೆಗ್ಗಿ ನಮ್ಮ ಶಾಲೆಯಲ್ಲಿ ಅಡುಗೆ ಮಾಡುವವಳು. ಈಗ ಏಳೂ ಜನ ಒಳಗಿದ್ದರು. ತಂಗಿಯ ಹೆಸರನ್ನು ಎಂಟರಲ್ಲಿ ಸೇರಿಸೋಣ ಅಂತ ಪೆಗ್ಗಿ ಕೇಳಿದಳು. ಆರು ಕೈ ಎದ್ದವು. ರೆಗ್ಗಿ ಎತ್ತಲಿಲ್ಲ.

"ಯಾಕಯ್ಯಾ?" ಅಂತ ಪೆಗ್ಗಿ ಕೂಗಿದಳು.

"ಅವತ್ತೂ ಎತ್ತಿಲ್ಲ, ಇವತ್ತೂ ಎತ್ತಲ್ಲ. ಒಬ್ರನ್ ಸೇರ್ಸಿದ್ರೆ ಒಬ್ರನ್ ತೆಗೀಬೇಕು. ಯಾರ್ನ್ ತೆಗೀಲಿ, ನೀನೇ ಹೇಳು. ಎಲ್ಲಾ ನನ್ ನೆಂಟ್ರೇ."

ಪೆಗ್ಗಿ ಕೂತುಬಿಟ್ಟಳು. ಸಾಲಿನಲ್ಲಿ ಎಂಟನೆಯವನು ಅವಳ ಗಂಡ.

ಆರು ವಾರ ತುಂಬುವ ಮೊದಲೇ ತಂಗಿ ಆಲಿಸ್‌ಗೆ ಹೋಗಿದ್ದಳು. ಹಾಸ್ಟೆಲಿನಲ್ಲಿ ಅಮ್ಮನ ಪಕ್ಕದ ಮಂಚವೇ ಸಿಕ್ಕಿತು. ಏಪ್ರಿಲಿನಲ್ಲಿ ನಮ್ಮ ಹಾಡಿಯ ಕಟ್ಟಡ ತೆರೆಯಿತು. ಅಮ್ಮನನ್ನು ನಾನೇ ಹೋಗಿ ಕರೆತಂದೆ. ಹೊರಡುವಾಗ ತಂಗಿ ಗೇಟಿನ ತನಕ ಬಂದಳು. "ಅಣ್ಣಾ, ನನ್ನೂ ಸಾಮಾನಿನ್ ಜೊತೆ ಹಾಕ್ಕೋ. ಯಾರಾದ್ರೂ ಕೇಳಿದ್ರೆ ಹಾಸ್ಗೆ ಸುರುಳಿ ಅನ್ನು" ಅಂತ ನಗಿಸಿದಳು. ಅವಳ ಕೈಯಲ್ಲಿ ಮಷೀನಿನ ಸೂಜಿ ಚುಚ್ಚುವ ಕಡೆ ಗಂಟು ಎದ್ದಿತ್ತು.

ಅಮ್ಮ ಬಂದು ಕೆಂಪು ಮಣ್ಣಿನ ಮೇಲೆ ಕೂತಳು. ಎಲ್ಲರೂ ಬಂದು ಮುಟ್ಟಿ ಹೋದರು. ಐದು ವಾರ ಮಷೀನಿಗೆ ಹೋದಳು. ಒಂದು ಮಂಗಳವಾರ ಹೋಗಲಿಲ್ಲ. ಗುರುವಾರವೂ ಹೋಗಲಿಲ್ಲ.

"ಅಮ್ಮ, ಏಳು" ಅಂದೆ.

"ಸಾಕಾಯ್ತು. ನಾನ್ 'ಇನ್ ಬೇಡ' ಅಂತ ಹೆಬ್ಬೆಟ್ ಹಾಕ್ಕೊಟ್ಟಿದೀನಿ ನರ್ಸಿಗೆ. ನನ್ ಜಾಗ ಅಕ್ಕನ್ ಮಗ್ಳಿಗೆ. ಅವ್ಳನ್ ಕರ್ಸಿ."

ನಮ್ಮಲ್ಲಿ ಒಬ್ಬಳ ಜಾಗ ಅವಳ ಮಗಳಿಗೆ ಹೋಗುತ್ತದೆ, ಅಕ್ಕನ ಮಗಳಿಗೂ ಹೋಗುತ್ತದೆ. ನೀರಿನ ಹೊಂಡವಾದರೂ ಹಾಗೇ, ಹಾಡಾದರೂ ಹಾಗೇ. ಅಮ್ಮ ಮಷೀನಿನ ಜಾಗವೂ ಹಾಗೇ ಅಂದುಕೊಂಡಿದ್ದಳು. ದೊಡ್ಡಮ್ಮ ಕೇಳಿ ಓಡಿಬಂದಳು. ಅಮ್ಮನ ಭುಜ ಹಿಡಿದು ಅಲ್ಲಾಡಿಸಿದಳು.

"ದಡ್ಡಿ, ನಿನ್ ಜಾಗ ಅವ್ಳಿಗ್ ಹೋಗಲ್ಲ ಕಣೇ! ಸಾಲಲ್ ಮುಂದಿರೋನು ಟೆರೆನ್ಸು!"

"ಯಾರ್ ಹೇಳಿದ್ದು ಹಂಗಂತ?"

ದೊಡ್ಡಮ್ಮ ಭುಜ ಬಿಟ್ಟಳು. ಹಾಗಂತ ಬರೆಸಿದ್ದು ಅವಳೇ.

ಅಮ್ಮನ ಜಾಗಕ್ಕೆ ಆಗಲೇ ಸಾಲಿನ ಒಂಬತ್ತನೆಯವನಾದ ಟೆರೆನ್ಸ್ ಬಂದು ಮಷೀನು ಹತ್ತಿದ್ದ. ವಾಪಸ್ ಕೊಡು ಅಂತ ಅಮ್ಮ ಕೇಳಲಿಲ್ಲ. ಒಂಬತ್ತನೆಯ ದಿನ ತೀರಿಹೋದಳು.

ಸಾವಿನ ಬಿಡಾರ ಹಾಕಿದೆವು. ಅಮ್ಮ ಇದ್ದ ಮನೆ ಖಾಲಿ ಮಾಡಿ ಎಲ್ಲರೂ ಹೊರಗೆ ಬಯಲಲ್ಲಿ ಮಲಗಿದೆವು. ಹೆಂಗಸರು ಕೂದಲು ಕತ್ತರಿಸಿ ಬಿಳಿ ಮಣ್ಣು ಬಳಿದುಕೊಂಡರು. ತಂಗಿ ಆಲಿಸ್‌ನಿಂದ ಯಾರದೋ ಕಾರು ಹತ್ತಿ ಬಂದಳು. ತಾಯಿಯ ತಂಗಿ ಅಂದರೆ ತಾಯಿಯೇ. ಬಾರದೆ ಇರುವ ಹಾಗಿಲ್ಲ. ಬಂದವಳು ಮುಗಿಯುವ ಮೊದಲು ಎದ್ದು ಹೋಗುವ ಹಾಗೂ ಇಲ್ಲ. ಒಂದು ಮಷೀನಿನ ದಿನ ತಪ್ಪಿತು, ಎರಡು ತಪ್ಪಿತು. ಅವಳ ಕಾಲು ಊದಿದವು. ಆಮೇಲೆ ಮುಖ.

ಬಿಡಾರದಿಂದ ಮಷೀನಿನ ಕಟ್ಟಡ ಇನ್ನೂರು ಹೆಜ್ಜೆ. ಎಂಟೂ ಜಾಗ ತುಂಬಿತ್ತು. ನರ್ಸು ಡಂಕನ್‌ಗೆ ಫೋನು ಮಾಡಿದಳು. ಸಭೆ ಸೇರಿ ಒಂದು ಮಾತು ಹೇಳಿದರೆ ಆ ಗಂಟೆಯೇ ಕೂರಿಸಿ ಅಂತ ಅವನು ಹೇಳಿದ. ದೊಡ್ಡಮ್ಮ ರೆಗ್ಗಿಯ ಮುಂದೆ ಹೋಗಿ ನಿಂತಳು. ಅವನೂ ಬಿಡಾರದಲ್ಲೇ ಇದ್ದ, ಮೈಗೆ ಮಣ್ಣು ಬಳಿದುಕೊಂಡು. ಏಳು ಹಾಡಿಯವರೂ ಅಲ್ಲೇ ಇದ್ದರು.

"ರೆಗ್ಗಿ, ಸಭೆ ಕರಿ."

"ಸಾವಿನ್ ಬಿಡಾರದಲ್ ಸಭೆನಾ? ಯಾವತ್ತಾದ್ರೂ ಆಗಿದ್ಯಾ?"

"ನನ್ ಮಗ್ಳು ಉಬ್ಬಸ ಪಡ್ತವ್ಳೆ. ನೋಡಲ್ಲಿ."

"ನೋಡ್ತಿದೀನಿ. ಒಂದ್ಸಲ ನೀನ್ ಕಟ್ಟಳೆ ಮುರ್ದೆ, ನಾವೆಲ್ಲ ನೋಡ್ಕೊಂಡ್ ಕೂತ್ವಿ. ಈಗ ನಮ್ ಕೈಲೂ ಮುರ್ಸ್ತೀಯಾ? ನಿನ್ ತಂಗಿ ಮಣ್ಣಾಗ್ಲಿ. ಆಮೇಲ್ ಕರೀತೀನಿ."

ದೊಡ್ಡಮ್ಮ ಅವನ ಕಾಲ ಹತ್ತಿರ ಕೂತಳು. ಅವಳು ಯಾರ ಕಾಲ ಹತ್ತಿರವೂ ಕೂತದ್ದನ್ನು ನಾನು ನೋಡಿರಲಿಲ್ಲ. ರೆಗ್ಗಿ ಅಳುತ್ತಿದ್ದ. ಕೈ ಮಡಿಲಲ್ಲೇ ಇತ್ತು.

ಎಂಟನೆಯ ದಿನ ಬೆಳಗ್ಗೆ ನರ್ಸು ವಿಮಾನ ಕರೆಸಿದಳು. ನಾವು ತಂಗಿಯನ್ನು ಜೀಪಿನಲ್ಲಿ ಮಲಗಿಸಿಕೊಂಡು ಹೋದೆವು. ವಿಮಾನ ಇಳಿದು, ದೂಳು ಕೂರುವ ಮೊದಲೇ ಅವಳು ತೀರಿಹೋದಳು.

ದೊಡ್ಡಮ್ಮ ಕಲ್ಲಿನಿಂದ ತಲೆ ಹೊಡೆದುಕೊಂಡಳು. ಮೂವರು ಹೆಂಗಸರು ಹಿಡಿದರು. ಆ ದಿನದಿಂದ ಅವಳು ಮಾತು ಬಿಟ್ಟಳು. ಮಗಳು ಸತ್ತ ತಾಯಿ ನಮ್ಮಲ್ಲಿ ಮಾತು ಬಿಡುತ್ತಾಳೆ, ಬೇಕಾದ್ದನ್ನು ಕೈಯಲ್ಲಿ ಹೇಳುತ್ತಾಳೆ.

ಹೆಂಡತಿ ಸತ್ತರೆ ಗಂಡ ಲೆಕ್ಕ ಒಪ್ಪಿಸಬೇಕು. ಅದೂ ನಮ್ಮ ಕಟ್ಟಳೆ. ಕ್ಲಿಫರ್ಡ್ ಅಂಗಿ ಬಿಚ್ಚಿ ಬಯಲ ನಡುವೆ ಬಂದು ನಿಂತ, ಅತ್ತೆಯ ಕಡೆಗೆ ಬೆನ್ನು ಮಾಡಿ. ದೂರದಲ್ಲಿ ಕೂತಿದ್ದ ದೊಡ್ಡಮ್ಮ, ಅವನ ಕಡೆ ನೋಡದೆ, ಕೈಯಲ್ಲಿ ಹೇಳಿದಳು. ಅವನು ಮುಚ್ಚಿಟ್ಟ. ಹೊಡೆಯಿರಿ.

ಹೊಡೆಯಬೇಕಾದವನು ತೀರಿಹೋದವಳ ಅಣ್ಣ. ನಾನು.

ದೊಣ್ಣೆ ತಂದುಕೊಟ್ಟರು. ಎಲ್ಲರೂ ನೋಡುತ್ತಿದ್ದರು. ಭಾವನಿಗೆ ಅವತ್ತೇ ಹೇಳಿದ್ದೆ ಅಂತ ಕ್ಲಿಫರ್ಡ್ ಒಂದು ಮಾತು ಕೂಗಬಹುದಿತ್ತು. ಕೂಗಲಿಲ್ಲ. ಕೂಗಿದ್ದರೆ ನನಗೂ ಒಳ್ಳೆಯದಾಗುತ್ತಿತ್ತು. ಮೊದಲ ಏಟು ಹೆಗಲಿಗೆ ಹಾಕಿದೆ. ಅವನು ಅಲ್ಲಾಡಲಿಲ್ಲ. ಎರಡನೆಯದು ತೊಡೆಗೆ. ಮಂಡಿ ಊರಿದ. ಮೂರನೆಯದಕ್ಕೆ ಎತ್ತಿದಾಗ, ನನಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಅಂದ.

"ಭಾವ, ಹೊಡ್ದಾದ್ಮೇಲಾದ್ರೂ ಹೇಳ್ತೀಯಾ ಅತ್ತೆಗೆ?"

ಮೂರನೆಯದನ್ನೂ ಹೊಡೆದೆ. ಕೈ ಎತ್ತಿಯಾಗಿತ್ತು. ಅವನ ಕೈಮೂಳೆ ಮುರಿಯಿತು.

ಆಮೇಲೆ ದೊಣ್ಣೆ ಬಿಸಾಕಿ ದೊಡ್ಡಮ್ಮನ ಹತ್ತಿರ ಹೋಗಿ ಕೂತೆ. ಎಂದಿನಂತೆ, ಅವನ ಮಾತು ಹೊತ್ತುಕೊಂಡು ಬಂದವನ ಹಾಗೆ ಕೂತೆ. "ದೊಡ್ಡಮ್ಮ, ಅವತ್ತು ಟ್ಯಾಂಕಿನ್ ಹಿಂದೆ ಬಂದಿದ್ದ. ನಿಂಗೆ ಮಾತು ಮುಟ್ಸು ಅಂದ. ತಂಗೀನೇ ಕಳ್ಸಿರೋದು ಅಂದ. ನಾನು ಹೊರಲ್ಲ ಅಂದೆ. ನೀನ್ ಕೇಳ್ದಾಗ ಇಲ್ಲ ಅಂದೆ."

ಅವಳು ಕೇಳಿಸಿಕೊಂಡಳು. ಹಣೆಯ ರಕ್ತ ಒಣಗಿ ಬಿಳಿ ಮಣ್ಣಿಗೆ ಅಂಟಿತ್ತು. ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿಲ್ಲ. ಕೂತಲ್ಲೇ ಮೆಲ್ಲಗೆ ತಿರುಗಿ ನನಗೆ ಬೆನ್ನು ಹಾಕಿದಳು. ತಲೆಯ ಮೇಲೆ ಕಂಬಳಿ ಎಳೆದುಕೊಂಡಳು.

ಇದಾಗಿ ನಾಲ್ಕು ವರ್ಷ. ಸಾಲಿನ ನಿಯಮವನ್ನು ಅದೇ ವರ್ಷ ಬದಲಾಯಿಸಿದರು, ಏಳು ಕೈಯೂ ಎದ್ದವು. ವಿಂಜಿರಿಯವರು ದೊಡ್ಡಮ್ಮನನ್ನೇ ಮತ್ತೆ ಆರಿಸಿದ್ದಾರೆ. ಅವಳು ಮರದ ಕೆಳಗೆ ಕೂರುತ್ತಾಳೆ. ಒಳಗೆ ಕ್ಲಿಫರ್ಡ್ ಇರುತ್ತಾನೆ, ಎಡಗೈ ಪೂರ್ತಿ ಮೇಲೆ ಬರುವುದಿಲ್ಲ, ಬಲಗೈ ಎತ್ತುತ್ತಾನೆ. ಮಾತು ಬಿಡುವ ಕಾಲ ಎಂದೋ ಮುಗಿಯಿತು, ಆದರೂ ಅವಳು ಬಾಯಿ ಬಿಟ್ಟಿಲ್ಲ. ಅವಳ ಕೈಮಾತನ್ನು ಪೆಗ್ಗಿ ಬಾಗಿಲಲ್ಲಿ ನಿಂತು ಒಳಗೆ ಹೇಳುತ್ತಾಳೆ.

ಕಾಂಗರೂ ಬಾಲ ಈಗಲೂ ಬರುತ್ತದೆ. ಅದೂ ಪೆಗ್ಗಿಯ ಕೈಲೇ. ದೊಡ್ಡಮ್ಮ ತಿನ್ನುತ್ತಾಳೆ.

ಜೀಪು ಮಾತ್ರ ನಾನೇ ಓಡಿಸುತ್ತೇನೆ, ಹಾಡಿಯಲ್ಲಿ ಬೇರೆ ಡ್ರೈವರ್ ಇಲ್ಲ. ನನ್ನ ಪಕ್ಕದ ಸೀಟು ಖಾಲಿ ಇರುತ್ತದೆ. ಅವಳು ಹಿಂದೆ, ಹಿಂಬಾಗಿಲ ಕಡೆ ಮುಖ ಮಾಡಿ, ಸಾಮಾನಿನ ಜೊತೆ ಕೂರುತ್ತಾಳೆ.